ಮೀಟರಿನ ಕಡೆ ಚಾಚಿದ ಬೆರಳು

ದಾರಿಯ ಬಾತಿ ಊರಿನ ಹತ್ತಿರ ಕಾರು ಮತ್ತೆ ನಿಂತಿತು. ಅಪ್ಪನನ್ನು ಮಾತಿನ ಚಿಕಿತ್ಸೆಗೆಂದು ಹರಿಹರದಿಂದ ದಾವಣಗೆರೆಗೆ ಕರೆದೊಯ್ಯುವ ದಿನವೇ ಇದಕ್ಕೆ ಕೈಕೊಡುವ ಚಟ. ಲಕ್ವ ಹೊಡೆದ ಮೇಲೆ ಅಪ್ಪನ ಬಲಗೈ ಸ್ವಾಧೀನ ತಪ್ಪಿತ್ತು, ಮಾತು ಪೂರ್ತಿ ನಿಂತಿತ್ತು. ಆದರೂ ಹಟ ಹೋಗಿರಲಿಲ್ಲ. ಆಟೋ ತಂದರೆ ಹತ್ತುವುದಿಲ್ಲ, ಎಂಬತ್ತರ ದಶಕದ ಈ ಬಿಳಿ ಕಾರೇ ಆಗಬೇಕು. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಇದರ ಬಾನೆಟ್ಟನ್ನು ಬೇರೆಯವರಿಗೆ ಮುಟ್ಟಲೂ ಬಿಟ್ಟವರಲ್ಲ.

ಹೊಸ ಬ್ಯಾಟರಿ ಹಾಕಿಸಿದ್ದೆ, ಬೆಲ್ಟ್ ಬಿಗಿ ಮಾಡಿಸಿದ್ದೆ. ನಾಲ್ಕು ದಿನ ಓಡಾಡಿದರೆ ಬ್ಯಾಟರಿ ಖಾಲಿ. ಕಾರು ನಿಂತಾಗಲೆಲ್ಲ ಅಪ್ಪ ಎಡಗೈ ಎತ್ತಿ ಸ್ಟೇರಿಂಗಿನ ಹಿಂದಿರುವ ಮೀಟರುಗಳ ಕಡೆ ಬೆರಳು ಚಾಚುತ್ತಿದ್ದರು. ಗಂಟಲಿನಿಂದ ಏನೋ ಒಂದು ಸದ್ದು. ಪೆಟ್ರೋಲಿರಬೇಕೆಂದು ಹಾಕಿಸಿದೆ. ರೇಡಿಯೋ ಇರಬೇಕೆಂದು ಹಚ್ಚಿದೆ, ಅಪ್ಪ ಅತ್ತುಬಿಟ್ಟರು. ಕಾರು ಹಾಳಾಗಿ ಹೋಗಲಿ, ಅವರ ಮನಸ್ಸಿನಲ್ಲಿರುವುದು ಒಂದೇ ಒಂದು ಸಲ ನನಗೆ ಸರಿಯಾಗಿ ತಿಳಿದರೆ ಸಾಕಿತ್ತು.

ಅವತ್ತು ಟ್ರ್ಯಾಕ್ಟರಿನವರೊಬ್ಬರು ಹಗ್ಗ ಕಟ್ಟಿ, ದಾವಣಗೆರೆಯ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡಿಯವರೆಗೆ ಎಳೆದುಕೊಟ್ಟರು. ಅಂಗಡಿಯವನು ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಬಿಚ್ಚಿ ಪರೀಕ್ಷಿಸಿದ. ಸರಿಯಾಗಿಯೇ ಇತ್ತು. ಮತ್ತೆ ಕೂಡಿಸಿ, ತನ್ನ ಬ್ಯಾಟರಿಯೊಂದನ್ನು ಹಾಕಿ ಇಂಜಿನ್ ಚಾಲೂ ಮಾಡಿದ. ಚಾರ್ಜ್ ಆಗಲೇ ಇಲ್ಲ.

"ಬಿಚ್ಚಿದ್ರೆ ಕೆಲ್ಸ ಮಾಡ್ತೈತೆ, ಕೂಡ್ಸಿದ್ರೆ ಇಲ್ಲ. ಇದಕ್ಕೆ ಏನಂತ ಹೇಳ್ಲಿ ಅಕ್ಕಾ?" ಎಂದು ತಲೆ ಕೆರೆದುಕೊಂಡ.

ಒಳಗೆ ಕೂತಿದ್ದ ಅಪ್ಪನ ಬೆರಳು ಮತ್ತೆ ಮೇಲೆದ್ದಿತ್ತು.

"ಯಜಮಾನ್ರು ಏನೋ ತೋರಿಸ್ತಾರಲ್ರೀ?"

"ಅವ್ರು ಯಾವಾಗ್ಲೂ ಹಂಗೇ ಮಾಡ್ತಾರ್ರೀ," ಎಂದೆ. ಹೇಳಿದ ಮೇಲೆ ನನ್ನ ಮಾತು ನನಗೇ ಚುಚ್ಚಿತು.

ಅವನು ಇಂಜಿನ್ ಆರಿಸಿ, ಬರೀ ಕೀ ತಿರುಗಿಸಿ, ಆ ಬೆರಳಿನ ನೇರಕ್ಕೆ ಬಗ್ಗಿ ನೋಡಿದ. ಬ್ಯಾಟರಿ ಗುರುತಿನ ಪುಟ್ಟ ದೀಪ ಹತ್ತಿರಲಿಲ್ಲ.

"ಇದು ಹತ್ತಬೇಕಲ್ಲ ಅಕ್ಕಾ."

"ಹತ್ತದಿದ್ರೆ ಎಲ್ಲಾ ಸರಿ ಐತೆ ಅಂತ ಅಲ್ವಾ?"

"ಇಂಜಿನ್ ಚಾಲೂ ಆದ್ಮೇಲೆ ಆರ್ಬೇಕು. ಅದಕ್ಕೂ ಮೊದ್ಲು ಹತ್ತಬೇಕು. ಈ ಗಾಡ್ಯಾಗೆ ಆ ಬಲ್ಬಿನಿಂದ ಹಾದು ಬರೋ ಕರೆಂಟಿಗೇ ಆಲ್ಟರ್ನೇಟರ್ ಕೆಲ್ಸ ಶುರು ಮಾಡೋದು. ಬಲ್ಬ್ ಸುಟ್ಟೈತೆ, ಅಷ್ಟೇ."

ಬೇರೆ ಬಲ್ಬ್ ಹಾಕಿದ. ಕೀ ತಿರುಗಿಸಿದರೆ ಕೆಂಪು ದೀಪ ಹತ್ತಿತು, ಇಂಜಿನ್ ಚಾಲೂ ಆದೊಡನೆ ಆರಿತು. ಬ್ಯಾಟರಿಗೆ ಚಾರ್ಜ್ ಹೋಗತೊಡಗಿತು. ಅಪ್ಪ ಬೆರಳು ಇಳಿಸಿದರು.

"ಇಷ್ಟು ದಿನ ಇದನ್ನೇ ಹೇಳ್ತಿದ್ರಾ ಅಪ್ಪಾ?"

ಹೌದೆಂದು ತಲೆಯಾಡಿಸಿ ಕಣ್ಣು ಮುಚ್ಚಿದರು. ನನಗೆ ಖುಷಿಗಿಂತ ಸಂಕಟವೇ ಹೆಚ್ಚಾಯಿತು. ಆ ಬೆರಳನ್ನು ಓದಲು ಹೊರಗಿನವನೊಬ್ಬ ಬರಬೇಕಾಯಿತಲ್ಲ.

ಚಿಕಿತ್ಸೆಯ ಹೊತ್ತು ಮೀರಿದ್ದರಿಂದ ಹರಿಹರದ ಕಡೆಗೆ ತಿರುಗಿದೆವು. ಬಾತಿ ದಾಟಿದ ಮೇಲೆ ಅಪ್ಪನ ಕೈ ಮತ್ತೆ ಎದ್ದಿತು. ಈ ಸಲ ಬೆರಳು ಮೀಟರಿನ ಕಡೆಗಿರಲಿಲ್ಲ, ನನ್ನ ಕಡೆಗಿತ್ತು.

ಕಾರನ್ನು ಪಕ್ಕಕ್ಕೆ ಹಾಕಿದೆ. "ಏನಪ್ಪಾ? ನೀರು ಬೇಕಾ? ನಂಗೆ ಹಸಿವಾಗೈತಾ ಅಂತಾನಾ? ನಾನೇನಾದ್ರೂ ತಪ್ಪು ಮಾಡಿದ್ನಾ?"

ಒಂದೊಂದಕ್ಕೂ ಅಲ್ಲವೆಂದು ತಲೆಯಾಡಿಸಿದರು. ಗಂಟಲಿನ ಸದ್ದು ಹೆಚ್ಚಾಯಿತು. ಕೇಳುವುದಕ್ಕೆ ನನ್ನಲ್ಲಿ ಇನ್ನೇನೂ ಉಳಿಯಲಿಲ್ಲ. ಇಂಜಿನ್ ಓಡುತ್ತಲೇ ಇತ್ತು.

ಕೊನೆಗೆ ಅವರೇ ಬೆರಳು ಮಡಚಿದರು. ನನ್ನ ತೋಳನ್ನು ಒಮ್ಮೆ ತಟ್ಟಿ, ನಡಿ ಎಂಬಂತೆ ರಸ್ತೆಯ ಕಡೆ ಕೈ ಬೀಸಿದರು. ಅದು ಮಾತ್ರ ನನಗೆ ತಕ್ಷಣ ಅರ್ಥವಾಯಿತು.