ಮೋಡದಲ್ಲಿಟ್ಟ ಮುಖ

ಮೊನ್ನೆ ಮಗಳು ಉಳ್ಳಾಗಡ್ಡಿ ನೆನೆಹಾಕಲೆಂದು ವಿನೆಗರ್ ಬಾಟಲಿಯ ಮುಚ್ಚಳ ತೆಗೆದಳು. ನಾನು ಪಕ್ಕದಲ್ಲೇ ಜೋಳದ ಹಿಟ್ಟು ಸಾಣಿಸುತ್ತಿದ್ದೆ. ಆ ಹುಳಿ ಘಾಟು ಮೂಗಿಗೆ ಬಡಿದದ್ದೇ ತಡ, ಕೈ ನಿಂತಿತು. ರಾಯಚೂರು ಸ್ಟೇಷನ್ ಕಡೆಯ ಒಂದು ಓಣಿ ಕಣ್ಣಿಗೆ ಕಟ್ಟಿತು. ಅಲ್ಲಿನ ಸಣ್ಣ ಸ್ಟುಡಿಯೋ, ದಾರಕ್ಕೆ ಸಿಕ್ಕಿಸಿದ ಒದ್ದೆ ಫೋಟೋಗಳು, ಕರಿ ಪರದೆ ಸರಿಸಿ ಕೈ ಒರೆಸಿಕೊಳ್ಳುತ್ತ ಹೊರಬಂದ ಫೋಟೋ ಕಾಕಾ... ಫೋಟೋ ತೊಳೆಯುವ ನೀರಿಗೆ ಅವರು ಇಂಥದ್ದೇ ಹುಳಿ ಹಾಕುತ್ತಿದ್ದರಂತೆ. ಆ ವಾಸನೆಯ ನಡುವೆ ನಿಂತು ನಾನು, ನನ್ನ ಗಂಡ ಬದುಕಿದ್ದಾರೋ ಇಲ್ಲವೋ ಎಂದು ಅವರನ್ನು ಕೇಳಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಮಾನವಿಯಲ್ಲಿ ಹತ್ತನೆಯ ತನಕ ಓದಿದ ನನ್ನನ್ನು ದೇವದುರ್ಗದ ಹತ್ತಿರದ ಹಳ್ಳಿಯ ಕುರಿಗಾರರ ಮನೆಗೆ ಕೊಟ್ಟಿದ್ದರು. ಮದುವೆಯಾಗಿ ಮೂರು ತಿಂಗಳೂ ತುಂಬಿರಲಿಲ್ಲ, ನಮ್ಮ ಮನೆಯವರು ಕುರಿ ಹೊಡೆದುಕೊಂಡು ಮಾನವಿ ದಾಟಿ ತುಂಗಭದ್ರೆಯ ಕಡೆ ಹೊರಟರು. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತ ಊರಿಂದ ಊರಿಗೆ ಹೋಗುವುದು ಅವರ ಪದ್ಧತಿ. ಹೋದವರದು ಎರಡು ತಿಂಗಳಾದರೂ ಸುದ್ದಿಯಿಲ್ಲ. ಅತ್ತೆಗೆ ಅದೇನೂ ಹೊಸದಲ್ಲ. ನನಗೆ ಹೊಸದು. ಮದುವೆಯಲ್ಲಿ ಫೋಟೋ ತೆಗೆಸಿರಲಿಲ್ಲ. ಯಾವುದೋ ಅರ್ಜಿಗೆಂದು ತೆಗೆಸಿದ ಅಂಗೈಗಿಂತ ಸಣ್ಣ ಫೋಟೋ ಒಂದು ಟ್ರಂಕಿನಲ್ಲಿತ್ತು. ದಿನಕ್ಕೊಮ್ಮೆ ತೆಗೆದು ನೋಡಿ, ಸೀರೆಯ ಮಡಿಕೆಯಲ್ಲಿ ಮತ್ತೆ ಇಡುತ್ತಿದ್ದೆ.

ದೇವದುರ್ಗದ ಸಂತೆಗೆ ಫೋಟೋ ಕಾಕಾ ರಾಯಚೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಾನವಿಯ ಸಂತೆಗೂ ಹೋಗುತ್ತಿದ್ದರಂತೆ. ಬೇವಿನ ಮರಕ್ಕೆ ಬಣ್ಣದ ಪರದೆ ಕಟ್ಟಿ, ಅದರ ಮುಂದೆ ಒಂದು ಸ್ಟೂಲು ಇಟ್ಟರೆ ಅದೇ ಅವರ ಅಂಗಡಿ. ಬೇರೆ ಬೇರೆ ಫೋಟೋಗಳನ್ನು ಕೂಡಿಸಿ ಒಂದು ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಒಂದು ಸಂತೆಯ ದಿನ ಅತ್ತೆ ಕಂಬಳಿ ಮಾರುತ್ತ ಕೂತಿದ್ದಾಗ, ನೀರು ಕುಡಿದು ಬರುತ್ತೇನೆಂದು ಹೇಳಿ ಅವರ ಹತ್ತಿರ ಹೋದೆ. ಸಣ್ಣ ಫೋಟೋ ಕೊಟ್ಟು, ನಮ್ಮಿಬ್ಬರನ್ನೂ ಕೂಡಿಸಿ ಕೊಡಿ ಎಂದೆ.

"ಬಾಜೂಕ ಕುಂದರಸ್ಲ್ಯಾ ಯವ್ವಾ, ಇಲ್ಲಾ ನನ್ನ ಮನಸ್ಸಿಗೆ ಬಂದಂಗ ಮಾಡ್ಲ್ಯಾ?"

ಕ್ಯಾಮೆರಾ ಸರಿಮಾಡುತ್ತ ಅವರು ತಮ್ಮ ಅಜ್ಜಿ ಹೇಳುತ್ತಿದ್ದ ಕಥೆಯೊಂದನ್ನು ಹೇಳಿದರು. ಕುರಿಗಾರನೊಬ್ಬ ಹೊಳೆಯ ಆಚೆ ಉಳಿದ, ಹೆಂಡತಿ ಈಚೆ. ನಡುವೆ ಮಹಾಪೂರ. ದಿನಾ ಸಂಜೆ ಹೊತ್ತು ಇಳಿಯುವಾಗ ಅವಳ ನೆರಳು ಉದ್ದವಾಗಿ, ಉದ್ದವಾಗಿ, ನೀರಿನ ಮೇಲೆ ಹಾಸಿ ಆಚೆ ದಂಡೆ ಮುಟ್ಟುತ್ತಿತ್ತಂತೆ. ಅವನಿಗೆ ರೊಟ್ಟಿ ಕೊಟ್ಟು ಬರುತ್ತಿದ್ದದ್ದು ಆ ನೆರಳು. ಮುಂದೇನಾಯಿತು ಎಂದು ಕೇಳಿದೆ. ಅಜ್ಜಿ ಅಲ್ಲಿಗೇ ನಿಲ್ಲಿಸುತ್ತಿದ್ದಳು ಎಂದು ನಕ್ಕರು. ನಿಮ್ಮ ಮನಸ್ಸಿಗೆ ಬಂದಂತೆಯೇ ಮಾಡಿರಿ ಎಂದುಬಿಟ್ಟೆ.

ಎರಡು ಸಂತೆ ಕಳೆದ ಮೇಲೆ ಫೋಟೋ ಕೈಗೆ ಬಂತು. ಹೊಳೆದಂಡೆಯ ಗೂಗಲ್ ಎಂಬ ಊರಿನ ತನಕ ಹೋಗಿ ಕೃಷ್ಣೆಯನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಬಂದಿದ್ದರು. ಈಚೆ ದಂಡೆಯ ಬಂಡೆಯ ಮೇಲೆ ನಾನು. ನನ್ನ ನೆರಳು ಹೊಳೆಗೆ ಅಡ್ಡಲಾಗಿ ಆಚೆಯ ತನಕ ಹಾಸಿತ್ತು. ಆಚೆ ದಂಡೆಯ ಮೇಲೆ, ಮೋಡದ ನಡುವೆ, ನಮ್ಮ ಮನೆಯವರ ಮುಖ. ಅಂಚುಗಳು ಹೊಗೆಯಂತೆ ಮೋಡದಲ್ಲಿ ಕರಗಿದ್ದವು. ಕನಸೊಂದನ್ನು ಕಾಗದದ ಮೇಲೆ ಇಳಿಸಿದಂತಿತ್ತು. ಹಿಗ್ಗು ತಡೆಯಲಾಗದೆ ಮನೆಗೆ ಬಂದವಳೇ ಅತ್ತೆಗೆ ತೋರಿಸಿದೆ.

ಅತ್ತೆ ಫೋಟೋ ನೋಡಿದರು. ಕೈಯಲ್ಲಿದ್ದ ಉಣ್ಣೆಯ ಉಂಡೆ ಕೆಳಗೆ ಬಿತ್ತು.

ನಮ್ಮ ಕಡೆ ಮೋಡದಲ್ಲಿ ಮುಖವಿಟ್ಟರೆ ಅದು ತೀರಿಹೋದವರದು. ಯಾರ ಮನೆಯ ಗೋಡೆ ನೋಡಿದರೂ ಹಾಗೇ: ಕೆಳಗೆ ಬದುಕಿರುವವರು, ಮೇಲೆ ಮುಗಿಲಲ್ಲಿ ಅಜ್ಜನೋ ಮುತ್ಯಾನೋ. ಅದು ನನಗೂ ಗೊತ್ತಿತ್ತು. ಹಿಗ್ಗಿನಲ್ಲಿ ಹೊಳೆದಿರಲಿಲ್ಲ, ಅಷ್ಟೆ.

"ಯಾರ ಹೇಳ್ಯಾರ ಅವಂಗ?" ಅತ್ತೆಯ ದನಿ ಸಣ್ಣಗಾಯಿತು. "ಎಲ್ಲಾ ಸಂತಿ ತಿರಗಾಂವ. ಮಾನವಿ ಕಡೆ ಸುದ್ದಿ ಕೇಳ್ಯಾನ. ಬಾಯಿಲೆ ಹೇಳಾಕ ಆಗದ ಹಿಂಗ ತೋರ್ಸ್ಯಾನ."

ಅವರ ಅಳು ಕೇಳಿ ಓಣಿಯ ಹೆಂಗಸರು ಕೂಡಿದರು. ಫೋಟೋ ಕೈಯಿಂದ ಕೈಗೆ ಹೋಯಿತು. ನೋಡಿದವರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಹಿರಿಯಳೊಬ್ಬಳು ನನ್ನ ಬಳೆಗಳ ಕಡೆ ನೋಡಿ, ಮುಂದಿನದು ಮಾಡಲೇಬೇಕಲ್ಲ ಎಂದಳು. ನಾನು ಎರಡೂ ಕೈ ಕಂಕುಳಲ್ಲಿ ಅವಚಿಕೊಂಡು ಗೋಡೆಗೆ ಆತು ಕೂತೆ. ಕಾಕಾ ಆ ಕಥೆಯನ್ನು ಸುಮ್ಮನೆ ಹೇಳಿದರೋ, ಬೇಕೆಂದೇ ಹೇಳಿದರೋ... ಕೊನೆಯನ್ನು ಯಾಕೆ ಹೇಳಲಿಲ್ಲ? ನನ್ನೊಳಗೂ ಹುಳ ಹೊಕ್ಕಿತ್ತು.

"ಅವ್ರನ್ನ ಕೇಳೂತನಕ ನನ್ನ ಕೈಯಾಗಿನ ಬಳಿ ಮುಟ್ಟಬ್ಯಾಡ್ರಿ," ಎಂದೆ. ಸೊಸೆಯಾಗಿ ಬಂದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಅತ್ತೆ ಕಣ್ಣೊರೆಸಿಕೊಂಡು, "ಮುಂಜಾನಿ ಬಸ್ಸಿಗೆ ಹೋಗೂಣ," ಎಂದರು.

ಹಾಗೆ ನಾವು ರಾಯಚೂರಿನ ಆ ಹುಳಿ ವಾಸನೆಯ ಓಣಿಗೆ ಹೋಗಿ ನಿಂತದ್ದು. ನನ್ನ ಪ್ರಶ್ನೆ ಕೇಳಿ ಕಾಕಾ ಮೊದಲು ನಕ್ಕರು. ಅತ್ತೆಯ ಮುಖ ನೋಡಿ ನಗು ನಿಲ್ಲಿಸಿದರು. ಒಳಗಿಂದ ನೆಗೆಟಿವ್ ತಂದು ಒಂದೊಂದಾಗಿ ಬಿಸಿಲಿಗೆ ಹಿಡಿದು, ಇದು ಹೊಳೆ, ಇದು ನಿಮ್ಮ ಸೊಸೆ, ಇದು ಆ ಸಣ್ಣ ಫೋಟೋದಿಂದ ತೆಗೆದ ಮುಖ ಎಂದು ತೋರಿಸಿದರು. ತಮಗೆ ಯಾವ ಸುದ್ದಿಯೂ ಗೊತ್ತಿಲ್ಲ ಎಂದು ಆಣೆ ಮಾಡಿದರು.

"ಮತ್ತ ಜೀವಂತ ಇದ್ದಾಂವನ್ನ ಮುಗಿಲಾಗ ಯಾಕ ಇಟ್ಟಿ?"

"ಕಥಿಯಾಗ ಅಂವ ಆಚಿ ದಂಡಿಗಿರ್ತಾನ ಯವ್ವಾ..."

"ನಿನ್ನ ಕಥಿಗೆ ನನ್ನ ಮಗನ ಬೇಕಾಗಿದ್ನ?"

ಕಾಕಾ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಆಮೇಲೆ ತೊಳೆಯಲು ಹಾಕಿದ್ದನ್ನೆಲ್ಲ ತೆಗೆದು, ಅಂಗಡಿಗೆ ಬೀಗ ಹಾಕಿ, ನಮ್ಮನ್ನು ದೇವದುರ್ಗದ ಬಸ್ಸು ಹತ್ತಿಸಿ, ತಾವು ಮಾನವಿಯ ಬಸ್ಸು ಹತ್ತಿದರು.

ಎರಡು ದಿನ ಮನೆಯಲ್ಲಿ ಒಲೆ ಹೊತ್ತಿದ್ದು ನೆಪಕ್ಕೆ. ಅತ್ತೆ ಫೋಟೋವನ್ನು ಕವುಚಿಟ್ಟು ಅದರ ಮೇಲೆ ಕಲ್ಲು ಹೇರಿದ್ದರು. ಮೂರನೆಯ ದಿನ ಮಧ್ಯಾಹ್ನ ನಾಯಿ ಬೊಗಳಲಿಲ್ಲ, ಕುಂಯ್‌ಗುಟ್ಟಿತು. ಗುರುತಿನವರಿಗೆ ಮಾತ್ರ ಹಾಗೆ ಮಾಡುತ್ತಿತ್ತು ಅದು. ನಾನು ಬಾಗಿಲಿಗೆ ಬರುವಷ್ಟರಲ್ಲಿ ನಮ್ಮ ಮನೆಯವರು ಹೆಗಲ ಮೇಲಿನ ಕಂಬಳಿ ಇಳಿಸುತ್ತಿದ್ದರು. ಹಿಂದೆ ಮೊಣಕಾಲ ತನಕ ಕೆಸರಾದ ಪ್ಯಾಂಟಿನಲ್ಲಿ ಫೋಟೋ ಕಾಕಾ.

ಅತ್ತೆ ಓಡಿಬಂದು ಮಗನ ಮುಖ ಮುಟ್ಟಲಿಲ್ಲ. ಕೂತು, ನೆಲ ಮುಟ್ಟಿವೆಯೋ ಎಂದು ಎರಡೂ ಪಾದ ಹಿಡಿದು ನೋಡಿದರು. ಆಮೇಲೆ ಎದ್ದು ಕಿವಿ ಹಿಂಡಿದರು.

"ಒಂದ್ ಕಾಗದ ಬರ್ಸಾಕ ಏನಾಗಿತ್ತಲೇ ನಿಂಗ?"

"ಕುರಿ ಬರೀತಾವೇನ್ ಬೇ?" ಎಂದರು ಇವರು. ಅಷ್ಟರಲ್ಲಿ ಕೂಡಿ ಅಳುತ್ತಿದ್ದ ಓಣಿಯವರೆಲ್ಲ ನಕ್ಕರು. ನಾನು ಒಳಗೆ ಹೋಗಿ, ಬಳೆ ಸದ್ದು ಮಾಡುತ್ತಲೇ ಹಿಟ್ಟು ನಾದಿದೆ. ಆ ಸದ್ದು ಅಷ್ಟು ಚೆಂದವೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹಿರೇಕೊಟ್ನೆಕಲ್‌ನಲ್ಲಿ ವಿಚಾರಿಸಿ, ಹೊಲ ಹೊಲ ತಿರುಗಿ, ಚೀಕಲಪರ್ವಿಯ ಹೊಳೆದಂಡೆಯಲ್ಲಿ ಕಾಕಾ ಇವರನ್ನು ಹಿಡಿದಿದ್ದರು. ಕುರಿಗಳನ್ನು ಜೊತೆಗಾರರಿಗೆ ಒಪ್ಪಿಸಿ ಇವರು ಹೊರಟುಬಂದಿದ್ದರು. ಒಂದು ಫೋಟೋ ತೆಗೆದು ತಂದು ತೋರಿಸಿದರೆ ಸಾಕೆಂದು ಕ್ಯಾಮೆರಾ ಹೊರಗೆ ತೆಗೆದವರು, ಮತ್ತೆ ಚೀಲಕ್ಕೆ ಹಾಕಿದರಂತೆ. "ಫೋಟೋ ತಂದಿದ್ರ, ಇದನ್ನೂ ಕೂಡ್ಸ್ಯಾನ ಅಂತಿದ್ರಿ ನೀವು," ಎಂದರು ಅತ್ತೆಗೆ, ರೊಟ್ಟಿ ಮುರಿಯುತ್ತ.

"ಅಂತಿದ್ದೆ," ಎಂದು ಅತ್ತೆ ಇನ್ನೊಂದು ರೊಟ್ಟಿ ಹಾಕಿದರು. "ಈಗ ಇಬ್ರನ್ನೂ ನೆಲದ ಮ್ಯಾಲ ನಿಂದ್ರಿಸಿ ತಗೀ. ಕಾಲು ಕಾಣಬೇಕ ನನಗ."

ಸಂಜೆಯ ಬಸ್ಸಿಗೆ ಮುಂಚೆ ಅಂಗಳದಲ್ಲಿ ತೆಗೆದರು. ಹೊತ್ತು ಅವರ ಬೆನ್ನಿಗಿತ್ತು. ಮುಂದಿನ ಸಂತೆಗೆ ಫೋಟೋ ತಂದುಕೊಟ್ಟಾಗ ಅವರಿಗೇ ನಾಚಿಕೆ. ಮೊಣಕೈ ಎತ್ತಿ ಕ್ಯಾಮೆರಾ ಹಿಡಿದ ಅವರ ನೆರಳು ಉದ್ದಕ್ಕೆ ಬಿದ್ದು ನಮ್ಮ ಪಾದ ಮುಟ್ಟಿತ್ತು. ಬ್ರಷ್ಷಿನಿಂದ ಅಳಿಸಿಕೊಡುತ್ತೇನೆ ಎಂದರು. ಇರಲಿ ಬಿಡಿರಿ ಎಂದೆ.

ಆಮೇಲೂ ಅವರು ಕನಸಿನಂಥ ಚಿತ್ರ ಕೂಡಿಸುವುದನ್ನು ಬಿಡಲಿಲ್ಲ. ಆದರೆ ಮೊದಲು "ಇದ್ದಾರೋ, ಹ್ವಾದಾರೋ?" ಎಂದು ಕೇಳುತ್ತಿದ್ದರಂತೆ. ಇದ್ದವರ ಕಾಲು ನೆಲ ಬಿಡುತ್ತಿರಲಿಲ್ಲ. ವರ್ಷಗಳ ಮೇಲೆ ಅತ್ತೆ ತೀರಿಕೊಂಡಾಗ ಅವರ ಫೋಟೋ ಒಯ್ದುಕೊಟ್ಟೆ. ಕಾಕಾ ಬಹಳ ಹೊತ್ತು ನೋಡಿ, "ಈಗ ಮ್ಯಾಲ ಇಡ್ಲ್ಯಾ ಯವ್ವಾ?" ಎಂದು ಕೇಳಿದ್ದರು...

ನಾವು ರಾಯಚೂರಿಗೆ ಬಂದು ನೆಲೆಸುವ ಹೊತ್ತಿಗೆ ಆ ಸ್ಟುಡಿಯೋ ಇರಲಿಲ್ಲ. ಕಾಕಾ ಹೋದದ್ದೂ ತಡವಾಗಿ ತಿಳಿಯಿತು. ಅವರ ಮುಖ ಈಗ ಸರಿಯಾಗಿ ನೆನಪಿಗೆ ಬರುವುದಿಲ್ಲ. ಒದ್ದೆ ಕೈ ನೆನಪಿದೆ, ಕೆಸರಿನ ಪ್ಯಾಂಟು ನೆನಪಿದೆ.

ಮಗಳು ಬಾಟಲಿ ಮುಚ್ಚಿದ ಮೇಲೆ ನಾನು ಪಡಸಾಲೆಗೆ ಬಂದೆ. ಗೋಡೆಯ ಮೇಲೆ ಮೋಡದಲ್ಲಿ ಅತ್ತೆ. ಅವರಿಗೆ ಹೂವು ಇದೆ. ಪಕ್ಕದಲ್ಲಿ ಅಂಗಳದ ಫೋಟೋ; ಕಾಕಾ ನಮ್ಮಲ್ಲಿ ಉಳಿದಿರುವುದು ಅದರೊಳಗಿನ ನೆರಳಾಗಿ ಮಾತ್ರ. ಕಾಕಾಗೂ ಒಂದು ಎಳೆ ಹೂವು ಹಾಕಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಹಾಕುವಂತಿಲ್ಲ. ಅದೇ ಫೋಟೋದಲ್ಲಿ ನಾವಿಬ್ಬರೂ, ಬದುಕಿರುವವರು, ಕಾಲೂರಿ ನಿಂತಿದ್ದೇವೆ. ಒಳಗಿಂದ ಇವರು, "ರೊಟ್ಟಿ ಆತೇನು?" ಎಂದು ಕೂಗಿದರು. ಆಯಿತು ಎಂದು ಸುಳ್ಳು ಹೇಳಿ, ಸೆರಗಿನ ತುದಿಯಿಂದ ಗಾಜಿನ ಕೆಳಭಾಗವನ್ನು, ನೆರಳಿರುವ ಜಾಗವನ್ನು, ಇನ್ನೊಮ್ಮೆ ಒರೆಸಿದೆ.