ಬೆಲ್ಲ ತಂದ ಅಮ್ಮನನ್ನು ಗದರಿದೆ

“ಅಮ್ಮಾ, ಅವರಿಗೆ ಕನ್ನಡ ಬರಲ್ಲ. ಸುಮ್ನೆ ಒಳಗೆ ಹೋಗು,” ಎಂದು ಗದರಿ, ಮೇಡಂ ಹತ್ತಿರ ಸಾರಿ ಕೇಳಿದೆ.

ನನ್ನ ಟ್ಯಾಕ್ಸಿಯಲ್ಲಿ ಬಂದಿದ್ದ ಐರ್ಲೆಂಡಿನ ಆ ಹಿರಿಯಾಕೆ ನೀರು ಕುಡಿಯಲು ವಿಜಯಪುರದ ನಮ್ಮ ಮನೆಯಲ್ಲಿ ಇಳಿದಿದ್ದರು. ಬೆಲ್ಲ, ನೀರು ತಂದ ಅಮ್ಮ ಅವರ ಮಕ್ಕಳುಮರಿಯನ್ನೆಲ್ಲ ಕನ್ನಡದಲ್ಲೇ ವಿಚಾರಿಸತೊಡಗಿದ್ದಳು.

ತಮ್ಮ ಕಡಲತೀರದ ಹಳ್ಳಿಯಲ್ಲಿ ಅಂಗಡಿ, ಅಂಚೆ ಕಚೇರಿ, ಶಾಲೆ ಎಲ್ಲ ಐರಿಷ್ ಭಾಷೆಯಲ್ಲೇ ನಡೆಯುತ್ತವೆ, ಹೊರಗಿನವರನ್ನೂ ಮೊದಲು ಅದರಲ್ಲೇ ಮಾತಾಡಿಸುತ್ತೇವೆ ಎಂದು ಅವರು ದಾರಿಯಲ್ಲಿ ಹೇಳಿದಾಗ “ಸೂಪರ್ ಮೇಡಂ” ಎಂದಿದ್ದವನು ನಾನೇ.

ಅಮ್ಮ ಒಳಗೆ ನಡೆದದ್ದೇ ಮೇಡಂ ಎದ್ದು ಅಡುಗೆಮನೆಗೇ ಹೋದರು. ಅಮ್ಮನ ಪಕ್ಕ ನೆಲದ ಮೇಲೆ ಕೂತು, ಬೆಲ್ಲ ಕಚ್ಚುತ್ತಾ ಐರಿಷ್‌ನಲ್ಲಿ ಏನೋ ಹೇಳಿದರು. “ಹೂಂ ಕಣವ್ವಾ, ಅದೇ ಮತ್ತೆ,” ಎಂದು ಅಮ್ಮ ನಕ್ಕಳು. ಇಂಗ್ಲಿಷ್ ಬಲ್ಲ ನಾನು ಬಾಗಿಲಲ್ಲೇ ನಿಂತಿದ್ದೆ.

ಅಮ್ಮನ ಹತ್ತಿರ ಸಾರಿ ಕೇಳಲು ಇನ್ನೂ ಬಾಯಿ ಬರುತ್ತಿಲ್ಲ.