ಬಲಗಡೆಯ ಚಟಪಟ

ನಿವೃತ್ತನಾಗುವವರೆಗೂ ನಾನು ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದೆ. ಯಾವ ಯಂತ್ರ ನಿಂತರೂ ನನ್ನ ಮೊದಲ ಪ್ರಶ್ನೆ ಒಂದೇ: ‘ಇದನ್ನ ಕೊನೇಲಿ ಮುಟ್ಟಿದ್ದು ಯಾರ್ರಯ್ಯಾ?’ ಜೊತೆಯವರು ನನ್ನ ಬೆನ್ನ ಹಿಂದೆ ಇದನ್ನೇ ಅಣಕಿಸಿ ನಗುತ್ತಿದ್ದರಂತೆ. ನಗಲಿ. ಬಹುಪಾಲು ಸಲ ಆ ಪ್ರಶ್ನೆಗೇ ಉತ್ತರ ಸಿಕ್ಕಿಬಿಡುತ್ತಿತ್ತು. ಅಂಥವನು ನನ್ನ ಸ್ವಂತ ಮನೆಯಲ್ಲಿ, ನನ್ನ ಅಣ್ಣನ ಪೆಟ್ಟಿಗೆ ಕೆಟ್ಟಾಗ, ಆ ಪ್ರಶ್ನೆಯನ್ನು ಕೇಳಲೇ ಇಲ್ಲ.

ಪೆಟ್ಟಿಗೆ ಎಂದರೆ ಪ್ರಿಆಂಪ್ಲಿಫೈಯರ್. ರೆಕಾರ್ಡಿನ ಮುಳ್ಳಿನಿಂದ ಬರುವ ಸಣ್ಣ ಧ್ವನಿಯನ್ನು ಒಂದಿಷ್ಟು ಮೇಲಕ್ಕೆತ್ತಿ ದೊಡ್ಡ ಆಂಪ್ಲಿಫೈಯರಿಗೆ ಒಪ್ಪಿಸುವುದು ಅದರ ಕೆಲಸ. ಅಣ್ಣ ಅದನ್ನು ಯೌವನದಲ್ಲಿ ತಾನೇ ಕೂತು ಜೋಡಿಸಿದ್ದ. ಒಳಗೆ ಹಳೆಯ ರೇಡಿಯೋಗಳಲ್ಲಿರುತ್ತಿದ್ದಂಥ, ಬಲ್ಬಿನ ಹಾಗೆ ಬಿಸಿಯಾಗುವ ಗಾಜಿನ ವಾಲ್ವುಗಳು, ಎಡ ಸ್ಪೀಕರಿಗೊಂದು, ಬಲಕ್ಕೊಂದು. ಅವುಗಳ ಮೇಲೆ ಬಿಸ್ಕತ್ ಡಬ್ಬಿಯ ತಗಡು ಕತ್ತರಿಸಿ ಮಾಡಿದ ಪುಟ್ಟ ಟೋಪಿಗಳು. ಅಣ್ಣ ಈಗಿಲ್ಲ. ಗೋಡೆಯ ಮೇಲಿನ ಅವನ ಫೋಟೋ ನೋಡಿದರೆ ನನಗೆ ಏನೂ ಆಗುವುದಿಲ್ಲ. ಆ ಪೆಟ್ಟಿಗೆ ಹಾಡಿದರೆ ಮಾತ್ರ ಅವನು ಮನೆಯಲ್ಲಿದ್ದಾನೆ ಅನ್ನಿಸುತ್ತದೆ.

ಭಾನುವಾರ ತಿಂಡಿಯಾದ ಮೇಲೆ ರೆಕಾರ್ಡ್ ಕೇಳುವುದಕ್ಕೆ ಗೋಕುಲಂನಿಂದ ನನ್ನ ಗೆಳೆಯ ಬರುತ್ತಿದ್ದ. ಕಾಲೇಜಿನ ದಿನಗಳಿಂದಲೂ ಜೊತೆಗಿದ್ದವನು. ಅವನ ಮನೆಯಲ್ಲೂ ಇಂಥದೇ ಒಂದು ಹಳೆಯ ಪ್ರಿಆಂಪ್ ಇದೆ. ಆದರೆ ಅಣ್ಣ ಹಾಕಿದ್ದ ವಾಲ್ವುಗಳು ಆ ಕಾಲದಲ್ಲಿ ವಿದೇಶದಿಂದ ಬಂದವು, ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ಗೆಳೆಯ ಅವುಗಳ ಟೋಪಿ ಎತ್ತಿ ಮೊಮ್ಮಗುವಿನ ಮುಖ ನೋಡಿದ ಹಾಗೆ ನೋಡುತ್ತಿದ್ದ. ‘ಗಾಜು ಮಾತ್ರ ಒರೆಸಬೇಡ ಕಣಯ್ಯಾ’ ಎಂದು ಪ್ರತಿ ಸಲವೂ ಎಚ್ಚರಿಸುತ್ತಿದ್ದ. ಒರೆಸಿದರೆ ಗಾಜಿನ ಮೇಲೆ ಅಚ್ಚಾದ ಅಕ್ಷರಗಳು ಅಳಿಸಿಹೋಗುತ್ತವೆ, ಅಕ್ಷರ ಹೋದ ವಾಲ್ವನ್ನು ಬಲ್ಲವರು ಅಸಲಿ ಎಂದು ಒಪ್ಪುವುದಿಲ್ಲ.

ನನ್ನ ಹೆಂಡತಿಗೆ ಈ ಶಾಸ್ತ್ರ ಯಾವುದೂ ಬೇಡ. ಆಯುಧಪೂಜೆಯ ದಿನ ಸ್ಕೂಟರು, ಮಿಕ್ಸಿ, ಈಳಿಗೆಮಣೆಯ ಜೊತೆ ಪ್ರಿಆಂಪಿಗೂ ಪೂಜೆ. ಟೋಪಿ ತೆಗೆದು, ಒಳಗಿನ ಗಾಜಿಗೇ ಗಂಧದಲ್ಲಿ ಕಲಸಿದ ಕುಂಕುಮದ ಬೊಟ್ಟಿಡುತ್ತಿದ್ದಳು. ‘ಟೋಪಿಗೆ ಯಾರಾದ್ರೂ ಪೂಜೆ ಮಾಡ್ತಾರಾ?’ ಎಂದು ನನ್ನನ್ನೇ ಕೇಳುತ್ತಿದ್ದಳು. ವಾಲ್ವಿನ ಬಿಸಿಗೆ ಆ ಬೊಟ್ಟು ಸುಟ್ಟು, ಕಂದು ಬಣ್ಣಕ್ಕೆ ತಿರುಗಿ ಗಾಜಿಗೆ ಕಚ್ಚಿಕೊಂಡಿತ್ತು.

ಆ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಧಾರವಾಡಕ್ಕೆ ಹೋದೆವು. ಮನೆಯ ಬೀಗದ ಕೈ ಗೆಳೆಯನ ಹತ್ತಿರ ಕೊಟ್ಟೆ. ಹಳೆಯ ಪೆಟ್ಟಿಗೆಗಳನ್ನು ಬಹಳ ದಿನ ಕರೆಂಟಿಲ್ಲದೆ ಇಡಬಾರದು, ಆಗಾಗ ಬಂದು ಸ್ವಲ್ಪ ಹೊತ್ತು ಆನ್ ಮಾಡಿರುತ್ತೇನೆ ಎಂದು ಅವನೇ ಹೇಳಿದ. ಇಂಥ ಗೆಳೆಯ ಯಾರಿಗುಂಟು ಎಂದು ರೈಲಿನುದ್ದಕ್ಕೂ ಹೆಂಡತಿಯ ಎದುರು ಹೊಗಳಿದ್ದೇ ಹೊಗಳಿದ್ದು.

ವಾಪಸು ಬಂದ ವಾರ ಒಂದು ವೀಣೆಯ ರೆಕಾರ್ಡ್ ಹಾಕಿದೆ. ಬಲಗಡೆಯ ಸ್ಪೀಕರಿನಲ್ಲಿ ಚಟಪಟ, ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ. ನಿಧಾನವಾದ ಆಲಾಪನೆಯೆಲ್ಲ ಒಗ್ಗರಣೆಯಾಗಿಹೋಯಿತು.

ಹುಡುಕಾಟ ಶುರುವಾಯಿತು. ರೆಕಾರ್ಡ್ ಪ್ಲೇಯರಿನ ತಂತಿ ಕಿತ್ತರೂ ಸದ್ದು ಹೋಗಲಿಲ್ಲ. ಅಂದರೆ ಕಾಯಿಲೆ ಪ್ರಿಆಂಪಿನೊಳಗೇ ಇದೆ. ಫ್ರಿಜ್ಜಿನ ತೊಂದರೆ ಇರಬಹುದೆಂದು ಅದನ್ನು ಆರಿಸಿಟ್ಟೆ. ಹಾಲು ಒಡೆಯಿತು, ಸದ್ದು ಹಾಗೇ ಇತ್ತು. ಅರ್ಥಿಂಗ್ ತಂತಿ ಹೊಸದಾಗಿ ಎಳೆಸಿದೆ. ಭಾನುವಾರ ಬಂತೆಂದರೆ ನಾನು ಫೋನ್ ಮಾಡುತ್ತಿದ್ದೆ, ಗೆಳೆಯ ಬಂದು ಮಂಡಿ ನೋವೆಂದು ನರಳುತ್ತಲೇ ಪಕ್ಕದಲ್ಲಿ ಕೂತು ಟಾರ್ಚ್ ಹಿಡಿಯುತ್ತಿದ್ದ. ನಾನು ಬೆಸುಗೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದೆ.

‘ವಾಲ್ಯೂಮ್ ತಿರುಗಣೆ ಒಳಗೆ ಕುಂಕುಮ ಹೋಗಿದೆ ಕಣಯ್ಯಾ, ಅತ್ತಿಗೆ ಪೂಜೆ ಮಾಡಿ ಮಾಡಿ’ ಎಂದ ಒಂದು ದಿನ.

ತಿರುಗಣೆ ಕೊಳಕಾದರೆ ತಿರುಗಿಸುವಾಗ ಮಾತ್ರ ಸದ್ದು ಬರಬೇಕು, ಇದು ಸುಮ್ಮನಿದ್ದಾಗಲೂ ಬರುತ್ತಿದೆಯಲ್ಲ ಎಂದೆ. ‘ನಿನ್ನ ಕಾರ್ಖಾನೆ ರೂಲು ಇಲ್ಲಿ ನಡಿಯಲ್ಲ ಬುಡು’ ಎಂದ. ನಂಬಿದೆ. ದೇವರಾಜ ಮೊಹಲ್ಲಾದ ಅಂಗಡಿಯಿಂದ ತಿರುಗಣೆ ತೊಳೆಯುವ ಸ್ಪ್ರೇ ತಂದು ಹೊಡೆದೆ. ಅದರಿಂದಲೂ ಪ್ರಯೋಜನವಾಗದಿದ್ದಾಗ ಹೆಂಡತಿಯ ಮೇಲೆ ಕೂಗಾಡಿದೆ. ಅವಳು ಅವತ್ತಿನಿಂದ ಆ ಪೆಟ್ಟಿಗೆಯ ಧೂಳು ಕೂಡ ಒರೆಸಲಿಲ್ಲ.

ಇನ್ನು ಉಳಿದದ್ದು ವಾಲ್ವುಗಳು. ಬಿಚ್ಚಿ ನೋಡೋಣವೇ ಎಂದರೆ ಗೆಳೆಯ ಕೈ ಅಡ್ಡ ಹಿಡಿದ. ‘ಸಾಕೆಟ್ ಹಳೇದು. ಮುರಿದೋದ್ರೆ ನಿಮ್ಮಣ್ಣ ಬಂದು ಹಾಕ್ಕೊಡ್ತಾನಾ?’ ಅಣ್ಣನ ಹೆಸರೆತ್ತಿದ ಮೇಲೆ ನನಗೆ ಧೈರ್ಯ ಬರಲಿಲ್ಲ. ದಸರಾ ಮುಗಿದ ಮೇಲೆ ಪೆಟ್ಟಿಗೆಯನ್ನು ಅಟ್ಟಕ್ಕೆ ಸೇರಿಸಿಬಿಡುವುದೆಂದು ತೀರ್ಮಾನಿಸಿದೆ. ಅಣ್ಣನನ್ನು ಇನ್ನೊಂದು ಸಲ ಕಳಿಸಿಕೊಟ್ಟ ಹಾಗಾಯಿತು. ಗೆಳೆಯ ನನ್ನ ಹೆಗಲು ತಟ್ಟಿ, ‘ವಯಸ್ಸಾಗೋಯ್ತು ಅದಕ್ಕೂ’ ಎಂದು ಸಮಾಧಾನ ಹೇಳಿದ.

ಆಯುಧಪೂಜೆಯ ಬೆಳಗ್ಗೆ ಹೆಂಡತಿ ಸ್ಕೂಟರಿಗೆ, ಮಿಕ್ಸಿಗೆ ಹೂವಿಟ್ಟು ಪ್ರಿಆಂಪನ್ನು ದಾಟಿಕೊಂಡು ಹೋದಳು. ‘ಇದಕ್ಕೂ ಮಾಡೇ, ಕೊನೇ ಸಲ’ ಎಂದೆ.

‘ನನ್ನ ಕುಂಕುಮದಿಂದಲೇ ಕೆಟ್ಟಿದ್ದಲ್ವಾ?’ ಎಂದಳು. ಎಂದರೂ ಬಂದಳು. ಟೋಪಿ ಎತ್ತಿ, ಬಗ್ಗಿ ಗಾಜನ್ನು ಸುತ್ತಲೂ ನೋಡಿದಳು. ಇನ್ನೊಂದನ್ನೂ ಎತ್ತಿ ನೋಡಿದಳು.

‘ರೀ, ಇವು ನಮ್ದಲ್ಲ.’

‘ಬಿಸಿಗೆ ಬೊಟ್ಟು ಉದುರಿರುತ್ತೆ.’

‘ಇಷ್ಟು ವರ್ಷ ಉದುರದೆ ಇದ್ದಿದ್ದು ಈಗ ಉದುರುತ್ತಾ? ನಾನಿಟ್ಟ ಬೊಟ್ಟು ನನಗೆ ಗೊತ್ತಿಲ್ವಾ?’

ವಾಲ್ವುಗಳನ್ನು ಕಿತ್ತು, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿ ಆನ್ ಮಾಡಿದೆ. ಸಾಕೆಟ್ಟಿಗೆ ಏನೂ ಆಗಲಿಲ್ಲ. ಬಲಗಡೆಯ ಚಟಪಟ ಎಡಗಡೆಗೆ ಹೋಯಿತು. ಇಷ್ಟು ತಿಂಗಳು ಹುಡುಕಿದ ಕಾಯಿಲೆ ಆ ಒಂದು ವಾಲ್ವಿನಲ್ಲಿತ್ತು. ಅದು ನಮ್ಮದಾಗಿರಲಿಲ್ಲ. ಆಗ ಕೇಳಿಕೊಂಡೆ, ಕೊನೆಗೆ ಮುಟ್ಟಿದ್ದು ಯಾರು? ಉತ್ತರ ತಿಳಿದಿದ್ದರೂ ಮನಸ್ಸು ಒಪ್ಪಲಿಲ್ಲ. ಅವನು ಅಂಥವನಲ್ಲ ಎಂದು ಹೆಂಡತಿಯ ಹತ್ತಿರ ಜಗಳವನ್ನೇ ಆಡಿದೆ.

‘ಸರಿ. ಅವರ ಯಂತ್ರಕ್ಕೂ ಬೊಟ್ಟಿಟ್ಟು ಬರೋಣ, ನಡೀರಿ’ ಎಂದು ಅವಳು ಪೂಜೆಯ ತಟ್ಟೆ ಎತ್ತಿಕೊಂಡಳು.

ಬಾಳೆಕಂದು ಕಟ್ಟಿಕೊಂಡ ಬಸ್ಸುಗಳ ನಡುವೆ ಸ್ಕೂಟರಿನಲ್ಲಿ ಗೋಕುಲಂ ಸೇರಿದೆವು. ಗೆಳೆಯನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ವಿದೇಶಿಯರು ಯೋಗದ ಚಾಪೆಗಳಿಗೆ ಚೆಂಡುಹೂವು ಇಟ್ಟುಕೊಂಡು ಕೂತಿದ್ದರು. ಗೆಳೆಯ ನಗುತ್ತಲೇ ಒಳಗೆ ಕರೆದ. ಹೆಂಡತಿ ನೇರವಾಗಿ ಅವನ ಪ್ರಿಆಂಪಿನ ಕಡೆ ನಡೆದಾಗ ನಗು ನಿಂತಿತು. ‘ಅತ್ತಿಗೆ, ಅದಕ್ಕೆ ಬೇಡಿ, ಅದಕ್ಕೆ ಅಭ್ಯಾಸ ಇಲ್ಲ’ ಎಂದು ಏನೋ ತೊದಲಿದ.

ಅವನ ವಾಲ್ವುಗಳಿಗೆ ಟೋಪಿ ಇರಲಿಲ್ಲ. ಎದುರಿನಿಂದ ನೋಡಿದರೆ ಸ್ವಚ್ಛವಾದ ಗಾಜು. ಹೆಂಡತಿ ಗೋಡೆಯ ಕಡೆಗೆ ಬಗ್ಗಿ ಹಿಂಬದಿ ನೋಡಿದಳು, ನನ್ನನ್ನೂ ಕರೆದು ತೋರಿಸಿದಳು. ಎರಡರ ಮೇಲೂ ಸುಟ್ಟ ಕಂದು ಬೊಟ್ಟು. ಅಕ್ಷರ ಅಳಿಸೀತೆಂದು ಅವನು ಒರೆಸಿರಲಿಲ್ಲ. ಅವಳು ಬೆರಳನ್ನು ಕುಂಕುಮಕ್ಕೆ ಅದ್ದಿ ಆ ಹಳೆಯ ಬೊಟ್ಟುಗಳ ಮೇಲೆಯೇ ಹೊಸ ಬೊಟ್ಟಿಟ್ಟು, ‘ಈಗ ಬಿಚ್ಚಿ ಕೊಡಿ’ ಎಂದಳು.

ಬಿಚ್ಚಿದ. ಕರವಸ್ತ್ರದಲ್ಲಿ ಸುತ್ತಿ ಕೊಟ್ಟ. ‘ಸ್ವಲ್ಪ ದಿನ ಕೇಳಿ ವಾಪಸ್ ಹಾಕ್ಬುಡೋಣ ಅಂತಿದ್ದೆ’ ಎಂದ. ಇರಬಹುದು.

ಕೇಳಿದ್ದರೆ ಕೊಟ್ಟೇಬಿಡುತ್ತಿದ್ದೆ ಎಂದು ಹೇಳಿಕೊಳ್ಳುವ ದೊಡ್ಡ ಮನುಷ್ಯ ನಾನಲ್ಲ. ಕೇಳಿದ್ದರೆ ಬೈದು ಕಳಿಸುತ್ತಿದ್ದೆ, ಮುಂದಿನ ಭಾನುವಾರ ಮತ್ತೆ ಜೊತೆಗೆ ಕಾಫಿ ಕುಡಿಯುತ್ತಿದ್ದೆವು. ಅವನ ಆಸೆ ನನಗೆ ಅರ್ಥವಾಗುತ್ತದೆ, ಅಂಥ ಆಸೆ ನನಗೂ ಉಂಟು. ನನಗೆ ತಡೆಯಲಾಗದ್ದು ಬೇರೆಯದು. ಗೇಟಿನ ಹತ್ತಿರ ತಿರುಗಿ ನಿಂತು ಅದನ್ನೇ ಕೇಳಿದೆ.

‘ಕದ್ದೆ, ಸರಿ. ಅಷ್ಟು ಭಾನುವಾರ ಬಂದು ಟಾರ್ಚ್ ಯಾಕಯ್ಯಾ ಹಿಡಿದೆ?’

ಅವನು ನೆಲ ನೋಡುತ್ತಾ ಹೇಳಿದ: ‘ನೀನ್ ಕರೀತಿದ್ದೆ. ಎಂಗ್ ಬರಲ್ಲ ಅನ್ಲಿ?’

ಮನೆಗೆ ಬಂದು ವಾಲ್ವುಗಳನ್ನು ಹಾಕಿದೆ. ಚಟಪಟ ನಿಂತಿತು. ಅಣ್ಣನ ಪೆಟ್ಟಿಗೆ ಅಟ್ಟ ಹತ್ತಲಿಲ್ಲ. ಗೆಳೆಯನನ್ನು ನಾನು ಮತ್ತೆ ಕರೆದಿಲ್ಲ.